ಕಲ್ಲಿನ ಮೇಲೆ ಹಿಡಿಯಲಾರದ್ದು

"ಭಾಬಿ, ನೀರ್ ಹಾಕಬ್ಯಾಡ್ರಿ. ಆ ಕಲ್ಲೊಂದು ಬಿಡ್ರಿ."

ಎತ್ತಿದ ಬಕೆಟ್ಟನ್ನು ಎತ್ತಿದ ಹಾಗೇ ಹಿಡಿದು ಭಾಗಮ್ಮ ತಿರುಗಿ ನೋಡಿದಳು. ಮೌಲಾಲಿ ಗೇಟು ದಾಟಿ ಓಡುತ್ತಲೇ ಬರುತ್ತಿದ್ದ. ಅವಳ ಗಂಡ ಸಿದ್ಧಲಿಂಗಪ್ಪ ಕಲ್ಲಿನಲ್ಲಿ ಅಕ್ಷರ ಕೊರೆಯುವವನು, ಮೌಲಾಲಿ ಅದೇ ಕಲ್ಲಿಗೆ ಪಾಲಿಶ್ ಹಿಡಿಯುವವನು. ಶಹಾಬಾದಿನ ಈ ಶೆಡ್ಡಿನಲ್ಲಿ ಇಬ್ಬರೂ ಕೂಡಿ ಮೂವತ್ತು ವರ್ಷ ಕಲ್ಲಿನ ಧೂಳು ಉಂಡಿದ್ದರು. ಇವತ್ತು ಅವನ ಟೊಪ್ಪಿಗೆ ಅಡ್ಡ ಕೂತಿತ್ತು, ಅಂಗಿಯ ಗುಂಡಿಗಳು ಮೇಲೆ ಕೆಳಗೆ ಆಗಿದ್ದವು.

"ಮಣ್ಣಿಗಿ ಮಂದಿ ಬರ್ತಾರ, ಮೌಲಾಲಿ. ಅಂಗಳ ಹಿಂಗೇ ಹೊಲಸು ಬಿಡ್ಲೇನು?"

"ಬಾಕಿ ಎಲ್ಲಾ ತೊಳೀರಿ. ಅದೊಂದು ಬ್ಯಾಡ. ಅದ್ರಾಗಿಂದು ಇನ್ನಾ ಮುಗದಿಲ್ಲ."

ಅದು ಮೋರಿಯ ಪಕ್ಕದ ನಾಲ್ಕಡಿ ಫರಸಿಕಲ್ಲು. ಐದು ವರ್ಷದಿಂದ, ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಸಿದ್ಧಲಿಂಗಪ್ಪ ಅದರ ಮೇಲೆ ಮಂಡಿಯೂರಿ ಸೀಮೆಸುಣ್ಣದಲ್ಲಿ ಏನೋ ಬರೆಯುತ್ತಿದ್ದ. ಕಂಪ್ಯೂಟರ್ ಸೆಂಟರಿನ ವಿಠ್ಠಲ ಬಂದು ಅದರ ಫೋಟೋ ತೆಗೆದುಕೊಂಡು ಹೋಗುತ್ತಿದ್ದ. ಸೋಮವಾರ ಬೆಳಿಗ್ಗೆ ಭಾಗಮ್ಮ ಒಂದು ಬಕೆಟ್ಟು ನೀರು ಸುರಿದು ಕಸಬರಿಗೆಯಿಂದ ತಿಕ್ಕುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ಆದರೂ ಕಲ್ಲಿನ ಕೆಳಗಡೆ, ಮೋರಿಯ ಅಂಚಿಗೆ ಇರುವ ಒಂದು ಸಣ್ಣ ಸಾಲಿನ ತುದಿ ಮಾತ್ರ ಪ್ರತಿಸಲವೂ ಒಂದೇ ಆಕಾರದಲ್ಲಿರುವುದನ್ನು ಅವಳು ಗಮನಿಸಿದ್ದಳು. ಶೆಡ್ಡಿನ ಫೋನ್ ನಂಬರೋ ಏನೋ ಇರಬೇಕು ಅಂದುಕೊಂಡಿದ್ದಳು. ನೀರು ಸುರಿದಾಗ ಮೊದಲು ಹೋಗುತ್ತಿದ್ದುದು ಅದೇ ಸಾಲು. ಇವತ್ತಿನ ಕಲ್ಲಿನ ಮೇಲೆ ಆ ಸಾಲು ಇರಲಿಲ್ಲ.

"ಏನದ ಅದ್ರಾಗ?"

"ಜೈತುನ್ಬೀ ಗಂಡಂದು. ನಿನ್ನಿ ಐತವಾರ ಅರ್ಧಾ ಬರದು, ನಾಳಿ ನೋಡಮು ಅಂದ್ರು." ಮೌಲಾಲಿ ಅವಳ ಮುಖ ನೋಡಿದ. "ನಿಮಗ ಗೊತ್ತಿಲ್ಲೇನು ಭಾಬಿ?"

"ಗೊತ್ತದ. ಯಾಕ ಗೊತ್ತಿಲ್ಲ?" ಅಂದು ಭಾಗಮ್ಮ ಬಕೆಟ್ಟು ಕೆಳಗಿಟ್ಟಳು. ಗೊತ್ತಿರಲಿಲ್ಲ. ಗಂಡ ಹೋದ ದಿನವೇ ಅವನ ಬಗ್ಗೆ ತನಗೆ ಗೊತ್ತಿಲ್ಲದ್ದು ಇನ್ನೊಬ್ಬರಿಗೆ ಗೊತ್ತಿದೆ ಎಂದು ಒಪ್ಪಿಕೊಳ್ಳಲು ಅವಳ ಮನಸ್ಸು ಬರಲಿಲ್ಲ.

ಒಳಗೆ ಪಡಸಾಲೆಯಲ್ಲಿ ಸಿದ್ಧಲಿಂಗಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮೇಲೊಂದು ಸೇವಂತಿಗೆಯ ಹಾರ. ಬೆಳಗಿನ ಜಾವ ಎದ್ದು ನೀರು ಕೇಳಿದ, ಕುಡಿದ, "ಸಾಕು" ಅಂದ, ಮಲಗಿದ. ಅಷ್ಟೇ. ಅರವತ್ತೆಂಟು ವರ್ಷದ ಬದುಕಿಗೆ ಎರಡಕ್ಷರದ ಕೊನೆ ಮಾತು. ಅವನನ್ನು ಬಲ್ಲವರಿಗೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

*

ಆಶ್ಚರ್ಯ ಯಾಕಿರಲಿಲ್ಲ ಅಂದರೆ, ಅಕ್ಷರಕ್ಕೆ ಇಷ್ಟು ಎಂದು ದರ ಹೇಳುವುದು ಅವನ ಕಸುಬು. ಅಂಗಡಿಯ ಹೆಸರು, ಗುಡಿಯ ಅಡಿಗಲ್ಲು, ಗೋರಿಯ ಕಲ್ಲು, ಏನೇ ಇರಲಿ, ಗಿರಾಕಿ ಕಾಗದದಲ್ಲಿ ಬರೆದು ತರುತ್ತಿದ್ದ, ಇವನು ಬೆರಳು ಮಡಿಚಿ ಎಣಿಸುತ್ತಿದ್ದ. ಎಣಿಸಿದ್ದು ಕೇಳಿದ ಮೇಲೆ ಗಿರಾಕಿ ಕಾಗದ ಇಸಿದುಕೊಂಡು ಒಂದೊಂದೇ ಮಾತು ಹೊಡೆದು ಹಾಕುತ್ತಿದ್ದ. ಮೊದಲು 'ಪೂಜ್ಯ' ಹೋಗುತ್ತಿತ್ತು, ಆಮೇಲೆ 'ಪ್ರೀತಿಯ' ಹೋಗುತ್ತಿತ್ತು. ಕೊನೆಗೆ ಹೆಸರು, ಊರು, ತಾರೀಕು ಉಳಿಯುತ್ತಿತ್ತು. ಉರ್ದು ಕಲ್ಲಾದರೆ ಅವನಿಗೆ ಓದಲಿಕ್ಕೂ ಬರುತ್ತಿರಲಿಲ್ಲ, ಮೌಲ್ವಿಗಳು ಬರೆದುಕೊಟ್ಟ ಕಾಗದ ನೋಡಿ ಗೆರೆಗೆ ಗೆರೆ ಕೊರೆಯುತ್ತಿದ್ದ.

ಒಂದು ಅಕ್ಷರ ತಪ್ಪಿದರೆ, ಒಂದು ತಾರೀಕು ಹೆಚ್ಚುಕಡಿಮೆಯಾದರೆ ಆ ಕಲ್ಲು ಹೋಯಿತು. ಅಂಥ ಕಲ್ಲುಗಳನ್ನು ಬೋರಲು ಹಾಕಿ ಅಂಗಳಕ್ಕೆ ಹಾಸಿಕೊಂಡಿದ್ದ. ಬಾಗಿಲಿನಿಂದ ಗೇಟಿನವರೆಗೆ ಇಪ್ಪತ್ತಾರು ಕಲ್ಲು. ನಲವತ್ತು ವರ್ಷದ ಕಸುಬಿಗೆ ಇಪ್ಪತ್ತಾರು ತಪ್ಪು ಅಂದರೆ ಭಾರಿ ಅಲ್ಲವೇ ಅಲ್ಲ. ಆದರೆ ದಿನಾ ಅದರ ಮೇಲೇ ಓಡಾಡುವವನಿಗೆ ಮಾತು ಬಾಯಿಂದ ಹೊರಡುವುದು ಕಷ್ಟವೇ.

ಮದುವೆಯ ದಿನವೇ ಭಾಗಮ್ಮನಿಗೆ ಇದು ತಿಳಿದಿತ್ತು. ಗುಂಡಗುರ್ತಿಯ ತವರಿನ ಹಂದರದಲ್ಲಿ ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಒಡಪು ಕಟ್ಟಿ ಹೇಳಬೇಕು ಎಂದು ಹೆಣ್ಣುಮಕ್ಕಳು ಗಂಟು ಬಿದ್ದರು. ಭಾಗಮ್ಮ ಹೊಲ, ಹಳ್ಳ, ಮಲ್ಲಿಗೆ, ಬೆಳ್ಳಿ ಬಟ್ಟಲು ಎಲ್ಲವನ್ನೂ ಕೂಡಿಸಿ ಉದ್ದನೆಯ ಒಡಪು ಹೇಳಿ, ಕೊನೆಗೆ ಗಂಡನ ಹೆಸರು ಹೇಳಿ ತಲೆ ತಗ್ಗಿಸಿದಳು. ಅವನ ಸರದಿ ಬಂತು. ಗಂಟಲು ಸರಿಮಾಡಿಕೊಂಡು "ಭಾಗಮ್ಮ" ಅಂದ, ಸುಮ್ಮನಾದ. ಹಂದರ ತುಂಬ ನಗೆ. ಅವಳಿಗೆ ಎಂಟು ದಿನ ಸಿಟ್ಟು ಇಳಿದಿರಲಿಲ್ಲ. ಅಲ್ಲಿಂದ ಮುಂದೆ ಅವಳು ಗಂಡನ ಹೆಸರು ಬಾಯಲ್ಲಿ ತರಲಿಲ್ಲ, ಅದು ಪದ್ಧತಿ. ಅವನು ಮಿಕ್ಕ ಮಾತು ತರಲಿಲ್ಲ, ಅದು ಸ್ವಭಾವ. ಮನೆಯ ಇಬ್ಬರ ಮಾತನ್ನೂ ಅವಳೊಬ್ಬಳೇ ಆಡಿದಳು. ಮಕ್ಕಳಾಗಲಿಲ್ಲ. ಆ ದುಃಖವೂ ಹಳೆಯದಾಗಿ, ಕಾಲು ಸವೆಸಿದ ಮೆಟ್ಟಿಲಿನ ಹಾಗೆ ನುಣುಪಾಗಿತ್ತು.

*

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಪಕ್ಕದ ಮನೆಯ ಜೈತುನ್ಬೀ ದೊಡ್ಡ ಕೆಟಲಿನಲ್ಲಿ ಚಹಾ ಕಾಸಿಕೊಂಡು ಬಂದಳು.

"ಅಕ್ಕಾ, ಒಂದ್ ಗುಟುಕು ಕುಡೀರಿ. ಜೀವಕ್ಕ ಆಸರಾಗ್ತದ."

ಭಾಗಮ್ಮ ಬಟ್ಟಲು ತೆಗೆದುಕೊಂಡಳು. "ನಿನ್ನಿ ನೀ ಬಂದಿದ್ದಿ ನೋಡು. ಅಂಗಳದ ಬಾಂಕಿನ ಮ್ಯಾಲ ಕುಂತು ಏನು ಮಾತಾಡ್ಲಿಕತ್ತಿದ್ದಿ ಅವರ ಕೂಡ?"

"ನಮ್ಮೋರ ಮಾತೇ ಅಕ್ಕಾ. ವಾಡಿ ಸ್ಟೇಷನ್ನಿನ್ಯಾಗ ಹಮಾಲಿ ಮಾಡ್ತಿದ್ರಲ್ಲ, ಅದೆಲ್ಲಾ. ಹಾಜಿಮಲಂಗ್ ಅಂತ ಹೆಸರು ಕೊರದುಕೊಟ್ಟು ವರ್ಷ ಆಯ್ತು. ನಿನ್ನಿ ಕರದು ಕೇಳಿದ್ರು, ಕಲ್ಲಿನ ಮ್ಯಾಲ ಹಿಡೀಲಾರದ್ದು ಏನರ ಉಳದದೇನವಾ ಅಂತ. ನಾ ಎರಡು ತಾಸು ಹೇಳ್ದೆ. ಕೇಳಿದ್ರು."

"ಎರಡು ತಾಸು ಕೇಳಿದ್ರಾ?"

"ನಡುಕ ಒಂದು ಮಾತೂ ಆಡ್ಲಿಲ್ಲ."

ಅದು ಭಾಗಮ್ಮನಿಗೆ ನಾಟಿತು. ನಲವತ್ತು ವರ್ಷ ಅವಳೂ ಮಾತಾಡಿದ್ದಳು. ಅವನು ಕೇಳಿದನೋ, ಕೇಳಿದ ಹಾಗೆ ಕೂತಿದ್ದನೋ, ಯಾವತ್ತೂ ಗೊತ್ತಾಗಿರಲಿಲ್ಲ.

ಹನ್ನೊಂದಕ್ಕೆಲ್ಲ ಮಂದಿ ಬರಲಾರಂಭಿಸಿದರು. ಓಣಿಯವರು, ಖಣಿಯವರು, ತವರಿನವರು ಸರಿ. ಆದರೆ ಕೊಡ್ಲಿಯಿಂದ ಒಬ್ಬ ಮುದುಕ, ಚಿತ್ತಾಪುರದಿಂದ ತಾಯಿ ಮಗಳು, ಆಡಕಿಯಿಂದ ಒಂದು ಟೆಂಪೋ ತುಂಬ ಜನ, ಇವರ್ಯಾರನ್ನೂ ಭಾಗಮ್ಮ ನೆಂಟಸ್ತಿಕೆಯಲ್ಲಿ ಕಂಡಿರಲಿಲ್ಲ. ಚಹಾ ಕೊಟ್ಟ ನೆನಪು ಅಷ್ಟೇ.

"ನಿಮಗ ಹ್ಯಾಂಗ ಗೊತ್ತಾಯ್ತಪಾ?" ಎಂದು ಅವಳು ಟೆಂಪೋದಿಂದ ಇಳಿದ ದಪ್ಪ ಮೀಸೆಯವನನ್ನು ಕೇಳಿದಳು.

"ನಾ ಭೀಮಶ್ಯಾ ರೀ ಯವ್ವಾ, ಆಡಕಿಯವ. ನಮ್ಮ ತಮ್ಮ ಪುಣೆದಾಗ ಕಾರಖಾನಿ ಗೇಟಿಗಿ ಅದಾನ. ಅಲ್ಲಿ ಕಂಪ್ಯೂಟರಿನ್ಯಾಗ ನಮ್ಮಪ್ಪಂದು ನೋಡ್ತಿರ್ತಾನ. ಇವತ್ತು ತಗದ್ರ ಮ್ಯಾಲೇ ಬರದದಂತ, ಅಕ್ಷರದ ಸಿದ್ಧಲಿಂಗಪ್ಪ ಲಿಂಗೈಕ್ಯ ಆದ್ರು ಅಂತ. ಫೋನ್ ಮಾಡ್ದ."

"ನಿಮ್ಮಪ್ಪಂದು ಏನು ನೋಡ್ತಾನ?"

ಭೀಮಶ್ಯಾ ಅಂಗಿಯ ಒಳಜೇಬಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟ ಕಾಗದ ತೆಗೆದ. ಅದರಲ್ಲಿ ಅವಳ ಅಂಗಳದ ಕಲ್ಲಿನ ಫೋಟೋ ಇತ್ತು, ಮೋರಿಯ ಅಂಚಿನ ಒಡಕು ಸಮೇತ. ಕಾಗದದ ಮೇಲ್ತುದಿಯನ್ನು ಕತ್ತರಿಯಿಂದ ಕತ್ತರಿಸಿದ್ದರು. ಅವನು ಹೆಣದ ಕಡೆ ಒಮ್ಮೆ ಕೈಮುಗಿದು, ಅಲ್ಲೇ ನಿಂತು ಓದಿದ:

"ಸಾಯಬಣ್ಣ ಆಡಕಿಯಲ್ಲಿ ಎತ್ತಿಗೆ ಲಾಳ ಕಟ್ಟುವವನು. ಎತ್ತನ್ನು ಕೆಡವುವ ಮೊದಲು ಅದರ ಕಿವಿಯಲ್ಲಿ ತಪ್ಪಾಯಿತಪ್ಪ ಅನ್ನುತ್ತಿದ್ದ. ಮನೆಯಲ್ಲಿ ಮಕ್ಕಳನ್ನು ಬಹಳ ಹೊಡೆಯುತ್ತಿದ್ದ, ಅವರಿಗೆ ಯಾವತ್ತೂ ಹಾಗೆ ಅನ್ನಲಿಲ್ಲ. ಕೊನೆಯ ದಿನ ದೊಡ್ಡ ಮಗನ ತಲೆ ಬಗ್ಗಿಸಿಕೊಂಡು ಕಿವಿಯಲ್ಲಿ..."

ಭೀಮಶ್ಯಾ ಅಲ್ಲಿಗೇ ನಿಲ್ಲಿಸಿದ. ಕೊನೆಯ ಸಾಲು ಓದದೆ ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡ. "ಕಲ್ಲಿನ ಮ್ಯಾಲ ಬರೀ ಹೆಸರು ಬರಸಿದ್ದೆವು ಯವ್ವಾ. ಈ ಮಾತು ಅವರು ಹೆಂಗ ತಗದ್ರೋ ನನ್ನ ಬಾಯಾಗಿಂದ."

ಭಾಗಮ್ಮ ಗೋಡೆಗೆ ಒರಗಿದ ಗಂಡನ ಕಡೆ ನೋಡಿದಳು. ಇಷ್ಟು ಮಾತು ಇತ್ತೇನು ಇವನ ಹತ್ತಿರ? ಒಬ್ಬ ಲಾಳದವನಿಗೆ, ಒಬ್ಬ ಹಮಾಲನಿಗೆ, ಊರೂರಿನವರಿಗೆ ಕಲ್ಲು ತುಂಬ ಬರೆದವನು ತನಗೆ ಒಂದು ಸಾಲು ಬರೆದನೋ ಇಲ್ಲವೋ? ಬರೆದಿದ್ದರೆ ಅದನ್ನು ತಾನೇ ಯಾವುದೋ ಸೋಮವಾರ ತೊಳೆದು ಮೋರಿಗೆ ಬಿಟ್ಟಿರಬೇಕು. ಆ ವಿಚಾರ ಒಮ್ಮೆ ತಲೆಯೊಳಗೆ ಹೊಕ್ಕಿದ್ದು ಹೊರಗೆ ಹೋಗಲಿಲ್ಲ. ಅಳುವವರ ನಡುವೆ ಕೂತು ಅವಳು ಅದನ್ನೇ ಯೋಚಿಸಿದಳು.

*

ವಿಠ್ಠಲನ ಕಂಪ್ಯೂಟರ್ ಸೆಂಟರ್ ಶುರುವಾದದ್ದು ಎರಡು ಸಾವಿರದ ಮೂರರಲ್ಲಿ. ಹೆಸರಿನ ಕಲ್ಲು ಕೂರಿಸಲು ಹೋದ ಸಿದ್ಧಲಿಂಗಪ್ಪ ಅಲ್ಲೇ ಸ್ಟೂಲಿನ ಮೇಲೆ ಕೂತು ಪರದೆ ನೋಡಿದ. ಈ ಕತೆಯನ್ನು ವಿಠ್ಠಲ ಎಷ್ಟೋ ಜನಕ್ಕೆ ಹೇಳಿದ್ದಾನೆ.

"ಕಾಕಾ, ನಿಮ್ಮ ಕಸುಬಿಂದೂ ಒಂದು ವೆಬ್‌ಸೈಟ್ ಮಾಡಮು. ಸೊಲ್ಲಾಪುರ, ಹೈದರಾಬಾದಿನಿಂದ ಆರ್ಡರ್ ಬರ್ತಾವ."

"ಅಕ್ಷರಕ್ಕ ಎಷ್ಟು?"

"ಪುಕ್ಕಟ."

"ಹೌದಪಾ. ಎಷ್ಟು ಅಕ್ಷರದ ತನಕ ಪುಕ್ಕಟ?"

"ಎಷ್ಟು ಬೇಕಾದಷ್ಟು. ತಪ್ಪಿದ್ರ ಅಳಿಸಿ ಮತ್ತ ಬರೀಬಹುದು."

ಸಿದ್ಧಲಿಂಗಪ್ಪ ಅವನ ಮುಖವನ್ನೇ ನೋಡಿದ. ಹುಡುಗ ಚೇಷ್ಟೆ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಟವೆಲಿನಿಂದ ಮುಖ ಒರೆಸಿಕೊಂಡು, "ಮಾಡು" ಅಂದ.

ಫಾರಂ ತುಂಬುವುದಕ್ಕೇ ಒಂದು ಸಂಜೆ ಹಿಡಿಯಿತು. ಹುಟ್ಟಿದ ತಾರೀಕು ಕೇಳಿತು. ಊರಲ್ಲಿ ಎಲ್ಲರಿಗೂ ಶಾಲೆಯ ಮಾಸ್ತರರು ಬರೆಯುವ ಜೂನ್ ಒಂದನ್ನೇ ಬರೆಯೋಣ ಎಂದ ವಿಠ್ಠಲ. ಸಿದ್ಧಲಿಂಗಪ್ಪ ಒಪ್ಪಲಿಲ್ಲ. ತಪ್ಪು ತಾರೀಕು ಕೊರೆದರೆ ಕಲ್ಲು ಹೋಗುತ್ತದೆ ಎಂಬ ಹೆದರಿಕೆ ಅವನ ಕೈಯಲ್ಲಿ ಕೂತುಬಿಟ್ಟಿತ್ತು. ಕೊನೆಗೆ, ಖಂಡಿತ ಗೊತ್ತಿರುವ ತಾರೀಕು ಇದೊಂದೇ ಎಂದು ತಾನು ಮೊದಲ ಕಲ್ಲು ಕೊರೆದ ದಿನವನ್ನು ಬರೆಸಿದ.

ಹೆಸರು, ಫೋನ್ ನಂಬರು, ನಾಲ್ಕು ಮಾದರಿ ಕಲ್ಲು ಹಾಕಿದರು. ಮರುವಾರ ಸೇಡಂನ ಗಿರಾಕಿಯೊಬ್ಬ ತನ್ನ ಕಂಪ್ಯೂಟರಿನಲ್ಲಿ ತೆಗೆದು ನೋಡಿದರೆ ಕನ್ನಡವೆಲ್ಲ ಬರೀ ಚೌಕ ಚೌಕ. ಅಲ್ಲಿ ಆ ಅಕ್ಷರ ಇಲ್ಲವಂತೆ. ಸಿದ್ಧಲಿಂಗಪ್ಪ ಎರಡು ದಿನ ಯೋಚಿಸಿದ. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ಅಂಗಳದ ಕಲ್ಲಿನ ಮೇಲೆ ತನ್ನ ಕೈಯಾರೆ ಬರೆದು, ಇದರ ಫೋಟೋ ಹಾಕು, ಇದು ಹೆಂಗ ಚೌಕ ಆಗ್ತದ ನೋಡಮು ಅಂದ. ಆಗಲಿಲ್ಲ. ಅಂದಿನಿಂದ, ದರಕ್ಕೆ ಹೆದರಿ ಗಿರಾಕಿಗಳು ಕಲ್ಲಿನಿಂದ ಬಿಡಿಸಿದ ಮಾತನ್ನೆಲ್ಲ ಅವರ ಬಾಯಿಂದ ಕೇಳಿ, ಸತ್ತವರ ಬಗ್ಗೆ ಒಬ್ಬೊಬ್ಬರಿಗೆ ಒಂದು ಪುಟ ಬರೆಯತೊಡಗಿದ.

ಪುಕ್ಕಟೆಯವರು ಪುಟದ ನೆತ್ತಿಗೆ ತಮ್ಮ ಜಾಹೀರಾತು ಕುಣಿಸುತ್ತಿದ್ದರು. ಒಂದು ದಿನ ಮೈ ಇಳಿಸುವ ಔಷಧಿ, ಒಂದು ದಿನ ಮದುವೆ ಮಾಡಿಸುವವರು. "ಸತ್ತವರ ತಲಿ ಮ್ಯಾಲ ಇದೇನು?" ಎಂದು ಅವನು ಕೇಳಿದ್ದಕ್ಕೆ, "ಅದು ಅವರ ಬಾಡಿಗಿ ಕಾಕಾ, ತಗಿಲಿಕ್ಕ ಬರಂಗಿಲ್ಲ" ಅಂದ ವಿಠ್ಠಲ. ಅಂದಿನಿಂದ ಪುಟ ನೋಡುವಾಗೆಲ್ಲ ಹೆಗಲ ಟವೆಲು ತೆಗೆದು ಪರದೆಯ ಮೇಲ್ಭಾಗಕ್ಕೆ ಇಳಿಬಿಟ್ಟುಕೊಂಡು ಓದುತ್ತಿದ್ದ, ಕಾಗದದ ಮೇಲೆ ತೆಗೆಸಿದರೆ ಆ ಪಟ್ಟಿಯನ್ನು ಕತ್ತರಿಸಿಯೇ ಕೊಡುತ್ತಿದ್ದ.

*

ಮಧ್ಯಾಹ್ನ ಮೂರಕ್ಕೆ ಮಣ್ಣು ಮಾಡಿದರು. ಜಂಗಮರಾದ ಗುರುಲಿಂಗಯ್ಯ ಮಂತ್ರ ಹೇಳಿದರು, ಭಾಗಮ್ಮನ ತವರಿನ ಸೋದರಳಿಯ ಮೊದಲ ಹಿಡಿ ಮಣ್ಣು ಹಾಕಿದ, ಬಿಲ್ವಪತ್ರೆ ವಿಭೂತಿಯ ನಡುವೆ ಸಿದ್ಧಲಿಂಗಪ್ಪ ಕೂತಂತೆಯೇ ಮರೆಯಾದ. ಎಲ್ಲ ಮುಗಿದ ಮೇಲೆ ಗುರುಲಿಂಗಯ್ಯ, "ಗದ್ದಗಿ ಮ್ಯಾಲ ಕಲ್ಲು ಯಾರು ಕೊರೀತಾರ?" ಎಂದು ಕೇಳಿದರು. ಅರ್ಧ ತಾಲೂಕಿಗೆ ಕಲ್ಲು ಕೊರೆದವನೇ ಒಳಗೆ ಕೂತಿದ್ದ.

"ಪಾಲಿಶ್ ನಾ ಹಿಡೀತೀನ್ರಿ," ಎಂದ ಮೌಲಾಲಿ. "ಅಕ್ಷರದ್ದು ಆಮ್ಯಾಗ ನೋಡಮು."

ಮನೆಗೆ ಬಂದು ಕೈಕಾಲು ತೊಳೆದು ದೀಪ ನೋಡಿದರು. ವಿಠ್ಠಲ ಮೋರಿಯ ಪಕ್ಕದ ಕಲ್ಲಿನ ಫೋಟೋ ತೆಗೆಯುತ್ತಿದ್ದ, ಹಾಜಿಮಲಂಗ್‌ನದು ಅರ್ಧವೇ ಇರಲಿ ಎಂದು. ಭಾಗಮ್ಮ ಅವನ ಹತ್ತಿರ ಹೋಗಿ ನಿಂತಳು. ಎಲ್ಲಿಯೋ ನೋಡುತ್ತ ಕೇಳಿದಳು:

"ವಿಠ್ಠಲಾ, ಅದ್ರಾಗ ಎಷ್ಟು ಮಂದೀದು ಅದ?"

"ನೂರಾ ಹದಿನಾಲ್ಕು, ಕಾಕೂ."

"ನಂದು ಅದ ಏನು?"

ಅವನು ಕ್ಯಾಮೆರಾ ಇಳಿಸಿದ. "ಇಲ್ಲ ಕಾಕೂ."

ಅವಳು ತಲೆಯಾಡಿಸಿದಳು. ಗೊತ್ತಿದ್ದದ್ದೇ ಎನ್ನುವ ಹಾಗೆ ಆಡಿಸಿದಳು, ಆದರೆ ಅಲ್ಲೇ ಕಟ್ಟೆಯ ಮೇಲೆ ಕೂತಳು.

"ನಾನೂ ಒಮ್ಮೆ ಕೇಳಿದ್ದೆ," ಎಂದ ವಿಠ್ಠಲ. "ಕಾಕೂಂದು ಒಂದು ಪುಟ ಮಾಡಮು ಅಂದಿದ್ದೆ. ಕಾಕಾ ಸಿಟ್ಟಿಗೆದ್ದುಬಿಟ್ರು. ಇದು ಹೋದವರದು, ಆಕಿ ಗಟ್ಟಿ ಅದಾಳ, ಆಕಿ ಹೆಸರ ಮ್ಯಾಲ ಪುಟ ತಗೀಬ್ಯಾಡ ಅಂದ್ರು. ಅಷ್ಟು ಉದ್ದ ಮಾತು ನಾ ಅವರ ಬಾಯಾಗ ಕೇಳಿದ್ದು ಅದೇ ಮೊದಲು."

ಭಾಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಪುಟ ಇಲ್ಲ ಖರೆ," ಎಂದು ವಿಠ್ಠಲ ಮುಂದುವರಿಸಿದ, "ಹೆಸರು ಅದ. ಎಲ್ಲಾದ್ರಾಗೂ ಅದ. ಭೀಮಶ್ಯಾ, ನಿಮ್ಮ ಕಾಗದ ಕೊಡ್ರಿ."

ಕಾಗದ ಬಿಚ್ಚಿ ಅವನು ತಳದ ಸಣ್ಣ ಸಾಲಿನ ಮೇಲೆ ಬೆರಳಿಟ್ಟು ಓದಿದ: "ಹೇಳಿದವರು ಭೀಮಶ್ಯಾ, ಆಡಕಿ. ಬರೆದವನು ಸಿದ್ಧಲಿಂಗಪ್ಪ. ಚಹಾ ಭಾಗಮ್ಮ."

ಅವಳು ಕಾಗದ ಇಸಿದುಕೊಂಡಳು. ಕಣ್ಣ ಹತ್ತಿರ ತಂದು ನೋಡಿದಳು. ಅದೇ ಆಕಾರ. ಐದು ವರ್ಷದಿಂದ ನೀರು ಸುರಿದಾಗ ಮೊದಲು ಹೋಗುತ್ತಿದ್ದ ಸಾಲಿನ ಅದೇ ಬಾಲ.

"ಇದು ನನ್ನ ಹೆಸರೇನು?"

"ಹೂಂ ಭಾಬಿ," ಎಂದ ಮೌಲಾಲಿ. "ನಿಮಗ ಗೊತ್ತದ ಅನ್ಕೊಂಡಿದ್ದೆ."

"ನೂರಾ ಹದಿನಾಲ್ಕು ಸಲ ನನ್ನ ಹೆಸರ ನಾನೇ ತೊಳದೀನಲ್ಲೋ, ಮೌಲಾಲಿ," ಅಂದಳು. ಅನ್ನುತ್ತಲೇ ಅವಳಿಗೆ ನಗು ಬಂತು. ನಗುತ್ತ ನಗುತ್ತ ಅಳು ಬಂತು. ಬೆಳಗಿನಿಂದ ತಡೆದದ್ದೆಲ್ಲ ಆಗ ಬಂತು. ಜೈತುನ್ಬೀ ಓಡಿಬಂದು ಹೆಗಲು ಹಿಡಿದುಕೊಂಡಳು. ಯಾರೂ ಸುಮ್ಮನಿರು ಅನ್ನಲಿಲ್ಲ.

ಅಳು ತಾನಾಗಿ ನಿಂತ ಮೇಲೆ ವಿಠ್ಠಲ ಮೆಲ್ಲಗೆ ಹೇಳಿದ: "ಕಾಕೂ, ಈಗ ಕಾಕಾಂದು ಬರೀಬೇಕು. ಕಲ್ಲು ಆದಾಗ ಆಗ್ಲಿ. ಇದನ್ನ ನೀವೇ ಹೇಳಬೇಕು."

ಮೌಲಾಲಿ ಶೆಡ್ಡಿನಿಂದ ಸೀಮೆಸುಣ್ಣದ ಡಬ್ಬಿ ತಂದು, ಬಾಗಿಲ ಬಳಿಯ ಮೊದಲನೆಯ ಕಲ್ಲಿನ ಮೇಲೆ ಮಂಡಿಯೂರಿದ. ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಓದಿದ ಕೈ, ಅಕ್ಷರ ವಾಲುತ್ತವೆ ಎಂದು ಮೊದಲೇ ಹೇಳಿಬಿಟ್ಟ. "ಮೊದ್ಲು ಹೆಸರು ಭಾಬಿ. ಹೇಳೋರ ಬಾಯಾಗಿಂದೇ ಹೆಸರು ಬರಬೇಕು ಅಂತಿದ್ರು ಅವರು."

ನೆರೆದ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಂದರದಲ್ಲಿ ಒಡಪಿನ ಕೊನೆಗೆ ಹೇಳಿದ ಹೆಸರು, ಆಮೇಲೆ ಒಮ್ಮೆಯೂ ಅವಳ ಬಾಯಿಗೆ ಬಂದಿರಲಿಲ್ಲ. ಅವನು ಅವತ್ತು ಹೇಳಿದ ಹಾಗೆಯೇ, ಹಿಂದೆ ಮುಂದೆ ಏನೂ ಕಟ್ಟದೆ, ಭಾಗಮ್ಮ ಹೇಳಿದಳು.

"ಸಿದ್ಧಲಿಂಗಪ್ಪ."

ಮೌಲಾಲಿ ಬರೆದ. "ಮುಂದ?"

"ಬರಿ. ಇವರು ಮಾತು ಕಡಿಮಿ. ಮದುವ್ಯಾಗ ಒಡಪು ಹೇಳ್ರಿ ಅಂದ್ರ ನನ್ನ ಹೆಸರಷ್ಟೇ ಅಂದ್ರು. ಎಂಟು ದಿನ ನಾ ಅವರ ಕೂಡ ಮಾತು ಬಿಟ್ಟಿದ್ದೆ, ಅವರಿಗಿ ಅದು ಗೊತ್ತೇ ಆಗ್ಲಿಲ್ಲ. ಬರದ್ಯಾ? ಬ್ಯಾಸಗ್ಯಾಗ ನಾ ಹೊರಗ ಮಲಗ್ತಿದ್ದೆ. ಅದಕ್ಕಿಂತ ಮೊದ್ಲು ಎದ್ದು ಹೋಗಿ ನಾ ಮಲಗೋ ಕಲ್ಲಿಗಿ ನೀರು ಹೊಡೀತಿದ್ರು, ತಂಪಾಗ್ಲಿ ಅಂತ. ಯಾವತ್ತೂ ಹೇಳ್ಲಿಲ್ಲ. ನಾ ನೋಡೀನಿ ಅಂತ ನಾನೂ ಹೇಳ್ಲಿಲ್ಲ..."

ಮೊದಲ ಕಲ್ಲು ತುಂಬಿತು. ಮೌಲಾಲಿ ಎರಡನೆಯದಕ್ಕೆ ಸರಿದ, ಆಮೇಲೆ ಮೂರನೆಯದಕ್ಕೆ. ಅವನ ಮಂಡಿ ನೋಯುತ್ತಿತ್ತು, ಅವಳ ಮಾತು ಮುಗಿಯುವ ಹಾಗೆ ಕಾಣುತ್ತಿರಲಿಲ್ಲ. ಭೀಮಶ್ಯಾ ಹೊಸ ಸೀಮೆಸುಣ್ಣ ಮುರಿದು ಮುರಿದು ಕೊಟ್ಟ.

"ಕಾಕೂ, ಒಂದು ಫೋಟೋದಾಗ ಹಿಡಿಯಂಗಿಲ್ಲ ಇದು," ಎಂದ ವಿಠ್ಠಲ.

"ಹತ್ತು ತಗಿ. ಪುಕ್ಕಟ ಅದಲ್ಲ?"

ಬೋರಲು ಬಿದ್ದ ಒಂದೊಂದೇ ತಪ್ಪಿನ ಬೆನ್ನ ಮೇಲೆ ವಾಲಿದ ಅಕ್ಷರಗಳು ಸಾಗಿದವು, ತುಳಸಿಕಟ್ಟೆ ಸುತ್ತಿದವು, ಕೂರುವ ಬಾಂಕಿನ ಕೆಳಗೆ ನುಸುಳಿದವು. ಬಿಸಿಲು ಇಳಿಯುವ ಹೊತ್ತಿಗೆ ಗೇಟು ಮುಟ್ಟಿದ್ದವು. ಮೌಲಾಲಿ ಬೆನ್ನು ನೆಟ್ಟಗೆ ಮಾಡಿ ಕೇಳಿದ: "ತಳದ ಸಾಲು ಏನ್ ಬರೀಲಿ ಭಾಬಿ?"

ಜೈತುನ್ಬೀ ಆಗಷ್ಟೇ ಮತ್ತೊಂದು ಕೆಟಲು ತುಂಬಿಕೊಂಡು ಬಂದು ಗೇಟಿನ ಹೊರಗೆ ನಿಂತಿದ್ದಳು. ಎಲ್ಲಿ ಕಾಲಿಡಬೇಕು ಎಂದು ಅವಳಿಗೆ ತಿಳಿದಿರಲಿಲ್ಲ.

"ಹೇಳಿದಾಕಿ ಭಾಗಮ್ಮ," ಅಂದಳು ಭಾಗಮ್ಮ. "ಬರದಾತ ಮೌಲಾಲಿ. ಚಹಾ ಜೈತುನ್ಬೀ."

ಸಂಜೆ ಮಾತಾಡಿಸಲು ಬಂದವರೆಲ್ಲ ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟು, ಕಂಪೌಂಡಿನ ಗೋಡೆ ಹಿಡಿದುಕೊಂಡು, ಕಲ್ಲುಗಳ ಅಂಚಿನಲ್ಲಿ ಬೆರಳೂರುತ್ತ ಒಬ್ಬರ ಹಿಂದೊಬ್ಬರು ಒಳಗೆ ಬಂದರು. ಬಕೆಟ್ಟು ಬಾಗಿಲ ಮೂಲೆಯಲ್ಲಿ ಬೋರಲಾಗಿತ್ತು.